ಪೆಗ್ ನಡೆದ ದಾರಿ

ಅಯರ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಕೆರಿ ಎಂಬ ಜಿಲ್ಲೆಯಲ್ಲಿ, ಅಟ್ಲಾಂಟಿಕ್ ಸಾಗರದೊಳಕ್ಕೆ ನಾಲಗೆ ಚಾಚಿದಂತೆ ಒಂದು ಪರ್ಯಾಯದ್ವೀಪವಿದೆ. ಹೆಸರು ಡಿಂಗಲ್. ಟ್ರಲೀ ಎಂಬ ಊರಿನಿಂದ ಹೊರಟು ಅದನ್ನೊಂದು ಸುತ್ತು ಹಾಕಿ ಟ್ರಲೀಗೇ ಮರಳುವ ಕಾಲುದಾರಿ ಸುಮಾರು 180 ಕಿಲೋಮೀಟರ್. ಎಂಟು ದಿನದ ನಡಿಗೆ. ಇದನ್ನು 'ನಿಮ್ಮಷ್ಟಕ್ಕೆ ನೀವೇ ನಡೆಯುವ ರಜೆ' ಎಂದು ಮಾರುತ್ತಾರೆ. ಮಾರ್ಗದರ್ಶಿ ಇಲ್ಲ, ಗುಂಪಿಲ್ಲ, ಹಿಂದೆ ಬಿದ್ದವರನ್ನು ನೋಡಿ ಗಡಿಯಾರ ತಟ್ಟುವವರಿಲ್ಲ. ಕೈಗೊಂದು ನಕ್ಷೆ, ಒಂದು ಪುಸ್ತಿಕೆ ಕೊಡುತ್ತಾರೆ. ರಾತ್ರಿ ತಂಗುವ ಮನೆಗಳನ್ನು ಮೊದಲೇ ಗೊತ್ತುಮಾಡಿರುತ್ತಾರೆ. ಬೆಳಿಗ್ಗೆ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟು ಹೊರಟರಾಯಿತು, ಸಂಜೆ ನಾವು ತಲಪುವ ಹೊತ್ತಿಗೆ ವ್ಯಾನಿನವನು ಅದನ್ನು ಮುಂದಿನ ಮನೆಗೆ ಮುಟ್ಟಿಸಿರುತ್ತಾನೆ. ದಾರಿಯುದ್ದಕ್ಕೂ ಕರಿಯ ಕಂಬಗಳು, ಅವುಗಳ ಮೇಲೆ ಹಳದಿ ಬಣ್ಣದ ನಡೆಯುವ ಮನುಷ್ಯ, ಅವನ ಬಳಿ ಒಂದು ಬಾಣ.

ಡಬ್ಲಿನ್ನಿನಲ್ಲಿ ಕೆಲಸದಲ್ಲಿರುವ ಮಗಳು ನನಗೆ ಕೊಟ್ಟ ಉಡುಗೊರೆ ಇದು. ಮೊದಲ ಮೂರು ದಿನ ಅವಳೂ ಜೊತೆಗಿದ್ದಳು. ಆಮೇಲೆ ಅವಳಿಗೆ ಆಫೀಸು, ನನಗೆ ದಾರಿ.

ನಮ್ಮೂರ ಬೀದಿಯಲ್ಲಿ ಹೆಂಗಸೊಬ್ಬಳು ನಡೆಯುತ್ತಿದ್ದರೆ ಎದುರಾದವರು ಕೇಳುವ ಮೊದಲ ಮಾತು 'ಎಲ್ಲಿಗೆ ಹೊರಟಿರಿ?' ಎಂದಲ್ಲವೆ? ತರಕಾರಿಗೆ, ಗಿರಣಿಗೆ, ದೇವಸ್ಥಾನಕ್ಕೆ, ಮಗುವಿನ ಶಾಲೆಗೆ ಎಂದು ಏನಾದರೊಂದು ಉತ್ತರ ಕೊಟ್ಟರೆ ಸಮಾಧಾನ. 'ಎಲ್ಲಿಗೂ ಇಲ್ಲ, ಸುಮ್ಮನೆ' ಎಂದರೆ ಮನೆಯಲ್ಲಿ ಏನೋ ಜಗಳವಾಗಿದೆ ಎಂದೇ ಅರ್ಥ. ಐವತ್ತೆಂಟು ವರ್ಷ ಕೆಲಸವಿಟ್ಟುಕೊಂಡೇ ನಡೆದವಳಿಗೆ ಎಂಟು ದಿನ ಸುಮ್ಮನೆ ನಡೆಯುವ ಅವಕಾಶ ಸಿಕ್ಕಿತು. ಆ ಸುಖದ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಆ ಪುಸ್ತಿಕೆಯ ಬಗ್ಗೆ.

ಪುಸ್ತಿಕೆ ಕೆಟ್ಟದ್ದೆಂದು ಹೇಳಲಾರೆ. ಯಾವ ಗೇಟು ದಾಟಿ ಎಡಕ್ಕೆ ತಿರುಗಬೇಕು, ಯಾವ ಕಲ್ಲುಗೋಡೆಗೆ ಹತ್ತಿಳಿಯುವ ಮೆಟ್ಟಿಲಿದೆ, ಮಳೆ ಬಂದರೆ ಎಲ್ಲಿ ಕೆಸರು ಎಂಬುದೆಲ್ಲ ಅದಕ್ಕೆ ಕರಾರುವಾಕ್ಕಾಗಿ ಗೊತ್ತು. ಒಮ್ಮೆಯೂ ದಾರಿ ತಪ್ಪಿಸಲಿಲ್ಲ. ಆದರೆ ಅದರ ಕ್ರಿಯಾಪದಗಳನ್ನು ಗಮನಿಸಿ: ತಿರುಗಿ, ದಾಟಿ, ಹತ್ತಿ, ನೋಡಿ, ಆನಂದಿಸಿ. ಬರೀ ನಮಗೆ ಕೊಟ್ಟ ಅಪ್ಪಣೆಗಳು. ಆ ನೆಲದ ಮೇಲೆ ಇನ್ನಾರೂ ಏನನ್ನೂ ಮಾಡಿದ ಹಾಗೆ ಕಾಣುವುದಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಅಲ್ಲಲ್ಲಿ ಬಾಚಣಿಗೆ ಎಳೆದಂತೆ ಹಸಿರು ಏಣುಗಳಿವೆ. 'ಹಳೆಯ ಬೇಸಾಯದ ಸುಂದರ ಗೆರೆಗಳು' ಎಂದು ಪುಸ್ತಿಕೆ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಅವು ಆಲೂಗಡ್ಡೆಯ ಪಾತಿಗಳು. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಂದ ಮೇಲೆ ಏಳೆಂಟು ವರ್ಷಗಳಲ್ಲಿ ಆ ದೇಶದಲ್ಲಿ ಸತ್ತವರು ಸುಮಾರು 10 ಲಕ್ಷ, ಹಡಗು ಹತ್ತಿ ಹೋದವರು ಅದಕ್ಕಿಂತ ಕಡಿಮೆಯಿಲ್ಲ. ಅಗೆಯುವವರಿಲ್ಲದೆ ಬಿಟ್ಟುಹೋದ ಪಾತಿಗಳ ಮೇಲೆ ಈಗ ಕುರಿ ಮೇಯುತ್ತವೆ.

ಬೇಲಿಯ ತುಂಬ ಕೆಂಪು ಜುಮಕಿಯಂತೆ ತೂಗುವ ಫ್ಯೂಷಿಯಾ ಹೂವು. ದಕ್ಷಿಣ ಅಮೆರಿಕದಿಂದ ಬಂದು ಇಲ್ಲಿ ನೆಲೆಯೂರಿದ ಗಿಡವಿದು. ಐರಿಷ್ ಭಾಷೆಯಲ್ಲಿ ಅದಕ್ಕೆ 'ದೇವರ ಕಣ್ಣೀರು' ಎಂಬರ್ಥದ ಹೆಸರಿದೆ. ಪುಸ್ತಿಕೆಯಲ್ಲಿ ಹೂವಿನ ಬಣ್ಣವಿದೆ, ಹೆಸರಿಲ್ಲ.

ಪುಸ್ತಿಕೆಯಲ್ಲಿ ಹೆಂಗಸರೂ ಇಲ್ಲ. ನಾನು ಬೇಕೆಂದೇ ಹುಡುಕಿದೆ. ಸಂತರಿದ್ದಾರೆ, ಧ್ರುವಯಾತ್ರಿಕನಿದ್ದಾನೆ, 1970ರಲ್ಲಿ ತೆರೆಗೆ ಬಂದ 'ರಯನ್ಸ್ ಡಾಟರ್' ಚಿತ್ರದ ನಿರ್ದೇಶಕ ಡೇವಿಡ್ ಲೀನ್ ಇದ್ದಾರೆ. ಅವರು ಚಿತ್ರಕ್ಕೆಂದೇ ಡನ್‌ಕ್ವಿನ್ನಿನ ಬಳಿ ಒಂದು ಊರನ್ನೇ ಕಟ್ಟಿಸಿ ಆಮೇಲೆ ಕೆಡವಿದರು. ಕೆಡವಿದ ಆ ಸುಳ್ಳು ಊರಿಗೆ ಅರ್ಧ ಪುಟ ಸಿಕ್ಕಿದೆ.

ಹೀಗೆ ಸಿಡಿಮಿಡಿಗೊಂಡಿದ್ದ ನನಗೆ ಡಿಂಗಲ್ ಪೇಟೆಯ ಪುಸ್ತಕದಂಗಡಿಯಲ್ಲಿ ಪೆಗ್ ಸೇಯರ್ಸ್ ಸಿಕ್ಕಿದಳು. 'ಪೆಗ್' ಎಂದೇ ಹೆಸರಿನ ಆ ಆತ್ಮಕಥೆ 1936ರಲ್ಲಿ ಐರಿಷ್ ಭಾಷೆಯಲ್ಲಿ ಅಚ್ಚಾಯಿತು. ನಾನು ಓದಿದ್ದು ಬ್ರಯನ್ ಮ್ಯಾಕ್‌ಮಹೋನ್ ಮಾಡಿದ ಇಂಗ್ಲಿಷ್ ಅನುವಾದ. ಹಗಲು ಅವಳ ನೆಲದಲ್ಲಿ ನಡೆದು ರಾತ್ರಿ ಅವಳ ಪುಟಗಳನ್ನು ತಿರುವಿದೆ. ಆ ಕರಾವಳಿಗೆ ಅದಕ್ಕಿಂತ ಒಳ್ಳೆಯ ಕೈಪಿಡಿಯನ್ನು ನಾನು ಕಾಣೆ.

ಪೆಗ್ ಹುಟ್ಟಿದ್ದು 1873ರಲ್ಲಿ, ಡನ್‌ಕ್ವಿನ್ನಿನ ಬಡ ಮನೆಯಲ್ಲಿ. ಇನ್ನೂ ಹುಡುಗಿಯಾಗಿದ್ದಾಗಲೇ ಡಿಂಗಲ್ಲಿಗೆ ಮನೆಗೆಲಸಕ್ಕೆ ಹೋದಳು. ಮೊದಲ ಮನೆಯವರು ಒಳ್ಳೆಯವರು. ಮುಂದೆ ಸಿಕ್ಕ ಮನೆಯಲ್ಲಿ ದುಡಿಮೆಗೆ ಮಿತಿಯಿರಲಿಲ್ಲ. ಜೀವದ ಗೆಳತಿ ಅಮೆರಿಕಕ್ಕೆ ಹೋಗಿ ಹಡಗಿನ ಹಣ ಕಳಿಸುತ್ತೇನೆಂದಿದ್ದಳು. ಕೈಗೆ ಪೆಟ್ಟಾಗಿ ಅವಳ ದುಡಿಮೆಯೇ ನಿಂತಿತು, ಹಣ ಬರಲಿಲ್ಲ. ಉಳಿದ ದಾರಿ ಮದುವೆ. ಒಂದು ರಾತ್ರಿ ಮೂವರು ಗಂಡಸರು ಮನೆಗೆ ಬಂದರು, ಕುಡಿದರು, ಮಾತಾಡಿದರು. ಮೂವರಲ್ಲಿ ತನ್ನನ್ನು ಕೇಳಲು ಬಂದವನು ಯಾರೆಂದು ಪೆಗ್‌ಗೆ ಗೊತ್ತಿಲ್ಲ, ಯಾರೂ ಹೇಳಲೂ ಇಲ್ಲ. ಅಪ್ಪ ಕೇಳಿದಾಗ ಒಪ್ಪಿದಳು. ಕೆಲವೇ ದಿನಗಳಲ್ಲಿ ಮದುವೆಯಾಗಿ ಕಡಲಾಚೆಯ ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೆ ಸೊಸೆಯಾಗಿ ಹೋದಳು. ಆಗ ಅವಳಿಗೆ ಹತ್ತೊಂಬತ್ತರ ಆಸುಪಾಸು.

ಈ ಮೂವರ ಪ್ರಸಂಗ ಓದುವಾಗ ನಾನು ಗಟ್ಟಿಯಾಗಿ ನಕ್ಕೆ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು, ತಲೆ ತಗ್ಗಿಸಿ, ನಾಲ್ಕು ಜೊತೆ ಪಾದಗಳಲ್ಲಿ ವರನ ಪಾದ ಯಾವುದೆಂದು ಊಹಿಸಿದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಪೆಗ್ ಇದನ್ನು ದೂರಿನಂತೆ ಹೇಳುವುದಿಲ್ಲ, ತಮಾಷೆಯೆಂದು ತೋರಿಸಿಕೊಳ್ಳುವುದೂ ಇಲ್ಲ. ಆದದ್ದನ್ನು ಆದ ಹಾಗೆ ಇಟ್ಟು ಪಕ್ಕಕ್ಕೆ ಸರಿಯುತ್ತಾಳೆ. ನಗುವೋ ಸಿಟ್ಟೋ, ಕೇಳುವವರಿಗೆ ಬಿಟ್ಟದ್ದು.

ನಡಿಗೆಯ ಐದನೆಯ ದಿನ ಸ್ಲೇ ಹೆಡ್ ಎಂಬ ತಿರುವಿನಲ್ಲಿ ದ್ವೀಪ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಮಲಗಿದ ದೊಡ್ಡ ಪ್ರಾಣಿಯ ಬೆನ್ನಿನ ಹಾಗೆ. 'ನಿಂತು ಆನಂದಿಸಿ' ಎಂದಿತ್ತು ಪುಸ್ತಿಕೆ. ನಿಂತೆ, ಆನಂದಿಸಿದೆ ಕೂಡ; ಅಂಥ ನೋಟಕ್ಕೆ ಮುಖ ತಿರುಗಿಸುವಷ್ಟು ಬಿಗುಮಾನ ನನ್ನಲ್ಲಿಲ್ಲ. ಆದರೆ ಹಿಂದಿನ ರಾತ್ರಿ ಓದಿದ್ದು ತಲೆಯಲ್ಲಿತ್ತು. ಆ ದ್ವೀಪದಲ್ಲಿ ಚರ್ಚಿಲ್ಲ, ಪಾದ್ರಿಯಿಲ್ಲ, ಡಾಕ್ಟರಿಲ್ಲ. ಹೆಣವನ್ನು ಹೂಳಲಿಕ್ಕೂ ಡಾಂಬರು ಬಳಿದ ಕ್ಯಾನ್ವಾಸಿನ ಸಣ್ಣ ದೋಣಿಯಲ್ಲಿ ಈಚೆ ದಡಕ್ಕೆ ತರಬೇಕು. ಹೆಂಗಸರು ನೀರು ಹೊತ್ತರು, ಗುಡ್ಡದಿಂದ ಉರುವಲು ಹೊತ್ತರು. ಅವಳ ಮಗ ತೋಮಾಸ್ ಒಲೆಗೆ ಸುಡುವ ಪೊದೆ ಕೀಳಲು ಹೋಗಿ ಕಡಿದಾದ ಬಂಡೆಯಿಂದ ಬಿದ್ದು ಸತ್ತ. ಅವನ ಒಡೆದ ತಲೆಯನ್ನು ತಾಯಿಯೇ ತನ್ನ ಕೈಯಿಂದ ಸರಿಪಡಿಸಿ ಮಲಗಿಸುವ ಭಾಗವಿದೆಯಲ್ಲ, ಅದನ್ನು ಎರಡನೆಯ ಸಲ ಓದಲು ನನ್ನಿಂದಾಗಲಿಲ್ಲ. ಅಲ್ಲಿ ಅಳುವಿನ ವರ್ಣನೆಗಿಂತ ಕೈಗಳ ಕೆಲಸವೇ ಮುಂದಿದೆ. ಬರೆಯಲು ಕಲಿತವರು ಇಂಥ ಜಾಗದಲ್ಲಿ ವಾಕ್ಯಗಳನ್ನು ಅಲಂಕರಿಸಿಬಿಡುತ್ತಾರೆ.

ಬರೆಯಲು ಕಲಿತವರೆಂದೆ. ಪುಸ್ತಕದ ತೊಡಕು ಇರುವುದೂ ಅಲ್ಲಿಯೇ. ಪೆಗ್‌ಗೆ ಐರಿಷ್ ಓದು ಬರಹ ಬರುತ್ತಿರಲಿಲ್ಲ. ಅವಳು ಹೇಳಿದಳು, ಅಮೆರಿಕದಿಂದ ಮರಳಿದ್ದ ಮಗ ಮೀಹಾಲ್ ಬರೆದುಕೊಂಡ, ಡಬ್ಲಿನ್ನಿನ ಮಾಯಿರಾ ನೀ ಖಿನ್ಯೇಜ ಎಂಬ ವಿದ್ಯಾವಂತೆ ತಿದ್ದಿ ಅಚ್ಚಿಗೆ ಕೊಟ್ಟರು. ನಮ್ಮ 'ಗರತಿಯ ಹಾಡು'ಗಳನ್ನು ಕಾಗದಕ್ಕಿಳಿಸಿದವರೂ ಹಲಸಂಗಿಯ ಗಂಡಸರೇ; ಅವರ ಋಣ ದೊಡ್ಡದು. ಆದರೆ ತಾಯಿ ಮಗನಿಗೆ ಏನನ್ನು ಹೇಳುತ್ತಾಳೆ, ಏನನ್ನು ನುಂಗಿಕೊಳ್ಳುತ್ತಾಳೆ ಎಂಬುದು ತಾಯಂದಿರಿಗೆ ಗೊತ್ತು. ಗಂಡನ ಜೊತೆಗಿನ ಬಾಳು ಹೇಗಿತ್ತೆಂದು ಪುಸ್ತಕದಲ್ಲಿ ಹೆಚ್ಚು ಸಿಗುವುದಿಲ್ಲ. ಪುಟ ಪುಟಕ್ಕೂ ದೇವರ ಚಿತ್ತ, ಮೇರಿಮಾತೆಯ ಕೃಪೆ, ನಿಟ್ಟುಸಿರು. ನನಗೆ ಇದು ಹೆಚ್ಚಾಯಿತು ಎನಿಸಿದ್ದು ನಿಜ. 1935ರಲ್ಲಿ ಆರಂಭವಾದ ಅಯರ್ಲೆಂಡಿನ ಜಾನಪದ ಆಯೋಗದವರು ಅವಳ ಬಾಯಿಂದ ಸಂಗ್ರಹಿಸಿದ ನೂರಾರು ಕಥೆಗಳಲ್ಲಿ ಬೇರೆಯೇ ಒಬ್ಬ ಪೆಗ್ ಇದ್ದಾಳೆಂದು ಬಲ್ಲವರು ಬರೆದಿದ್ದಾರೆ: ಪೋಲಿ ಮಾತಿಗೂ ಹಿಂಜರಿಯದ, ಕೇಳುಗರನ್ನು ನಗಿಸಿ ತಾನೂ ನಗುವ ಪೆಗ್. ಹೊಸ ದೇಶಕ್ಕೆ ಒಬ್ಬಳು ಪುಣ್ಯವಂತ ದುಃಖಿ ತಾಯಿ ಬೇಕಾಗಿದ್ದಳು. ಅಚ್ಚಾಗುವಾಗ ನಗುವವಳು ಹೊರಗುಳಿದಳು ಎಂಬುದು ನನ್ನ ಗುಮಾನಿ.

ಮುಂದೆ ಆದದ್ದು ಇನ್ನೂ ಅನ್ಯಾಯ. ಈ ಪುಸ್ತಕವನ್ನು ದಶಕಗಳ ಕಾಲ ಐರಿಷ್ ಭಾಷೆಯ ಶಾಲಾ ಪಠ್ಯವಾಗಿಟ್ಟರು. ಮೊದಲ ಪುಟದಲ್ಲೇ ತಾನು ಸಾವಿನಂಚಿನ ಮುದುಕಿಯೆಂದು ಹೇಳಿಕೊಳ್ಳುವ ಪೆಗ್, ಹದಿಹರೆಯದ ಮಕ್ಕಳ ಪಾಲಿಗೆ ವ್ಯಾಕರಣದ ಶಿಕ್ಷೆಯಾದಳು. ಅಯರ್ಲೆಂಡಿನಲ್ಲಿ ಈಗಲೂ ಅವಳ ಹೆಸರೆತ್ತಿದರೆ ಒಂದು ತಲೆಮಾರಿನವರು ಮುಖ ಕಿವಿಚುತ್ತಾರೆ. ಕಷ್ಟಪಟ್ಟ ಹೆಂಗಸಿನ ಮಾತನ್ನು ಕೊಂದುಹಾಕಲು ಅದನ್ನು ಕಡ್ಡಾಯ ಮಾಡುವಷ್ಟು ಸುಲಭ ಉಪಾಯ ಬೇರೆ ಇರಲಾರದು.

ಪೆಗ್ 1942ರಲ್ಲಿ ದ್ವೀಪ ಬಿಟ್ಟು ಹುಟ್ಟೂರ ಕಡೆಗೆ ಬಂದಳು, 1958ರಲ್ಲಿ ತೀರಿಕೊಂಡಳು. ಅಷ್ಟರಲ್ಲಿ ದ್ವೀಪವೇ ಖಾಲಿಯಾಗಿತ್ತು. 1947ರ ಹೊಸವರ್ಷದ ಹೊತ್ತಿಗೆ ಯುವಕನೊಬ್ಬ ಜ್ವರದಿಂದ ಸತ್ತ. ಬಿರುಗಾಳಿಯಿಂದಾಗಿ ಡಾಕ್ಟರನ್ನು ಕರೆತರಲು ಆಗಿರಲಿಲ್ಲ. ಅದೇ ವರ್ಷ ತಿನ್ನಲು ಏನೂ ಇಲ್ಲವೆಂದು ದ್ವೀಪದವರು ಪ್ರಧಾನಿ ಡಿ ವಲೇರಾಗೆ ತಂತಿ ಕಳಿಸಿದರು. 1953ರ ನವೆಂಬರಿನಲ್ಲಿ ಸರಕಾರ ಉಳಿದಿದ್ದ ಕೆಲವೇ ಜನರನ್ನು ಈಚೆ ದಡಕ್ಕೆ ತಂದಿತು. ಈಗ ಬೇಸಿಗೆಯಲ್ಲಿ ಪ್ರವಾಸಿಗಳ ದೋಣಿ ಹೋಗುತ್ತದೆ. 2020ರಲ್ಲಿ ಅಲ್ಲಿನ ಕಾಫಿ ಅಂಗಡಿ ನೋಡಿಕೊಳ್ಳಲು ಇಬ್ಬರು ಬೇಕೆಂದು ಪ್ರಕಟಣೆ ಕೊಟ್ಟಾಗ ಜಗತ್ತಿನೆಲ್ಲೆಡೆಯಿಂದ ಸಾವಿರಾರು ಅರ್ಜಿ ಬಂದವಂತೆ. ವಿದ್ಯುತ್ ಸಂಪರ್ಕವಿಲ್ಲ ಎಂಬುದೇ ಅಲ್ಲಿನ ಆಕರ್ಷಣೆ! ಪೆಗ್ ಇದ್ದಿದ್ದರೆ ಇದರ ಮೇಲೆ ಒಳ್ಳೆಯ ಕಥೆಯೊಂದನ್ನು ಕಟ್ಟುತ್ತಿದ್ದಳು.

ಡನ್‌ಕ್ವಿನ್ನಿನಲ್ಲಿ, ದ್ವೀಪ ಕಾಣುವ ಸ್ಮಶಾನದಲ್ಲಿ ಅವಳ ಗೋರಿ ಇದೆ. ಪುಸ್ತಿಕೆ ಆ ಸ್ಮಶಾನವನ್ನು ಮರೆತಿಲ್ಲ. ನಾವು ಎತ್ತ ತಿರುಗಬೇಕೆಂಬುದಕ್ಕೆ ಗುರುತಾಗಿ ಹೇಳಿದೆ.

ಅಂದು ರಾತ್ರಿ ತಂಗಿದ ಮನೆಯೊಡತಿ ನನಗಿಂತ ನಾಲ್ಕೈದು ವರ್ಷ ಹಿರಿಯಳಿರಬೇಕು. ಸೋಡಾ ಬ್ರೆಡ್ಡು, ಬೆಣ್ಣೆ ತಂದಿಟ್ಟವಳು ನನ್ನ ಕೈಯ ಪುಸ್ತಕ ನೋಡಿ, "ಅಯ್ಯೋ, ಇವಳಾ!" ಎಂದು ಹಣೆ ಚಚ್ಚಿಕೊಂಡಳು. ಶಾಲೆಯಲ್ಲಿ ಇದರ ಪ್ರತಿಯನ್ನು ಸುಟ್ಟುಹಾಕಬೇಕೆಂದು ಗೆಳತಿಯರೆಲ್ಲ ಸಂಚು ಮಾಡಿದ್ದರಂತೆ. ಗಂಡ ಸತ್ತ ಮೇಲೆ ಒಂದು ಚಳಿಗಾಲ ಸುಮ್ಮನೆ ತೆರೆದಳಂತೆ.

"ಅರವತ್ತು ದಾಟಿದವಳು ಹೇಳಿದ್ದನ್ನು ಹದಿನಾರರ ಹುಡುಗಿಯರ ಕೈಗೆ ಕೊಟ್ಟರೆ ಇನ್ನೇನಾಗುತ್ತದೆ?" ಎಂದಳು. ಆಮೇಲೆ ಎದುರಿನ ಕುರ್ಚಿ ಎಳೆದು ಕೂತು, ದನಿ ತಗ್ಗಿಸಿ ಕೇಳಿದಳು, "ಆ ಮೂವರು ಬಂದ ರಾತ್ರಿಯ ಭಾಗಕ್ಕೆ ಬಂದಿರಾ?"