ಹಾಡು ಕೇಳಲು ಹೋದವರು ಮನೆಗೆ ಮರಳಬೇಕು

ಹಾಡು ಕೇಳುವುದು ಬೇರೆ, ಹಾಡುವವರ ಎದುರು ಸಾವಿರಾರು ಜನರ ನಡುವೆ ನಿಂತು ಕೇಳುವುದು ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯವರಿಗೆ ಈ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಬೈಲಿನಲ್ಲಿರುವ ಹಾಡು ಅಟ್ಟದ ಮೇಲಿನ ಕೊಬ್ಬರಿಯ ಹಾಗೆ, ಬೇಕಾದಾಗ ಇಳಿಸಿಕೊಳ್ಳಬಹುದು. ಎದುರಿನ ಹಾಡು ಎಳನೀರು. ಕೆತ್ತಿದ ಕೂಡಲೇ ಕುಡಿಯಬೇಕು.

ಈ ಸೀಮೆಯ ಮಕ್ಕಳು ಇಂದು ಬೆಂಗಳೂರಿನಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿದ್ದಾರೆ, ಅಮೆರಿಕದಲ್ಲಿದ್ದಾರೆ. ಅಲ್ಲಿ ಅವರು ರಾಕ್ ಸಂಗೀತದ ಬಯಲು ಕಛೇರಿಗಳಿಗೆ ಹೋಗುತ್ತಾರೆಂದರೆ ಊರಿನಲ್ಲಿರುವ ನಮಗೆ ದಿಗಿಲು. ಕುಡಿತ, ಕುಣಿತ, ಗದ್ದಲ ಎಂದು ಒಂದೇ ಉಸಿರಿಗೆ ತೀರ್ಪು ಕೊಡುತ್ತೇವೆ. ಆದರೆ ಪರವೂರಿನಲ್ಲಿ 'ಕುರುಕ್ಷೇತ್ರ' ನಾಟಕವಿದೆಯೆಂದರೆ ಕಂಬಳಿ ಹೊದ್ದು ಹೊರಟು, ಬೆಳಗಿನ ಜಾವ ಹಿಂದಿರುಗುತ್ತಿದ್ದವರು ಯಾರು? ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸಿದ ದುರ್ಯೋಧನ ಕಂದಪದ್ಯವನ್ನು ತಾರಕಕ್ಕೆ ಎಳೆದಾಗ 'ಒನ್ಸ್ ಮೋರ್' ಎಂದು ಕೂಗಿ ಮತ್ತೆ ಹಾಡಿಸಿದವರು ಯಾರು? ಅದು ನಾವೇ. ಆ ಕೂಗಿಗೂ ಲಂಡನ್ನಿನ ಮೈದಾನದ ಕೂಗಿಗೂ ಸಂಬಂಧವೇ ಇಲ್ಲವೆನ್ನುವುದು ಪ್ರಾಮಾಣಿಕ ಮಾತಲ್ಲ.

ಈ ಸಂಬಂಧಕ್ಕೆ ಒಂದು ಒಳ್ಳೆಯ ಸಾಕ್ಷಿಯಿದೆ. 1985ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ಮರ್ಸಿ ದ್ವೀಪದಲ್ಲಿ ನಡೆದ 'ವೋಮ್ಯಾಡ್' ಉತ್ಸವದಲ್ಲಿ ನುಸ್ರತ್ ಫತೇ ಅಲಿ ಖಾನ್ ಮಧ್ಯರಾತ್ರಿ ದಾಟಿದ ಹೊತ್ತಿನಲ್ಲಿ ಕವ್ವಾಲಿ ಹಾಡಿದರು. ಎದುರಿಗಿದ್ದವರು ಹೆಚ್ಚಾಗಿ ರಾಕ್ ಕೇಳಿ ಬೆಳೆದವರು, ಭಾಷೆ ತಿಳಿಯದವರು. ದರ್ಗಾಗಳ ಉರೂಸಿನಲ್ಲಿ ರಾತ್ರಿ ಕಳೆಯುವವರಿಗೆ ಗೊತ್ತಿರುವ ತನ್ಮಯತೆ ಅವರಿಗೂ ದಕ್ಕಿತು. ಹಾಡುವವರ ಉಸಿರು ಕೇಳುವವರನ್ನು ಮುಟ್ಟಿ, ಕೇಳುವವರ ಉತ್ಸಾಹ ಮತ್ತೆ ಹಾಡಿಗೆ ಮರಳುವ ಈ ಕೊಡುಕೊಳ್ಳುವಿಕೆ ಯಾವ ಧ್ವನಿಮುದ್ರಿಕೆಯಲ್ಲೂ ಸಿಗದು. ಯುವಕರು ಅದನ್ನು ಹುಡುಕಿಕೊಂಡು ಹೋಗುವುದರಲ್ಲಿ ತಪ್ಪೇನಿದೆ?

ಹಾಗಾದರೆ ಅಪಾಯವೇ ಇಲ್ಲವೇ? ಖಂಡಿತ ಇದೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ 'ದ ಹೂ' ತಂಡದ ಕಛೇರಿಗೆ ಬಂದ 11 ಮಂದಿ ನೂಕುನುಗ್ಗಲಿನಲ್ಲಿ ಸತ್ತರು. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆಯಲ್ಲಿ 'ಪರ್ಲ್ ಜಾಮ್' ಹಾಡುತ್ತಿದ್ದಾಗ ವೇದಿಕೆಯ ಮುಂದೆ 9 ಯುವಕರು ಸತ್ತರು. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ 'ಆಸ್ಟ್ರೋವರ್ಲ್ಡ್' ಉತ್ಸವದ ನೂಕುನುಗ್ಗಲು 10 ಜೀವಗಳನ್ನು ಬಲಿ ತೆಗೆದುಕೊಂಡಿತು.

ಇದಕ್ಕೆಲ್ಲ ಸಂಗೀತವೇ ಕಾರಣವೆನ್ನುವುದು ಸುಲಭ. ಆದರೆ ಸಿನ್ಸಿನಾಟಿಯಲ್ಲಿ ಸತ್ತವರು ಒಂದು ಹಾಡನ್ನೂ ಕೇಳಿರಲಿಲ್ಲ. ಅವರು ಸತ್ತದ್ದು ಬಾಗಿಲ ಹೊರಗೆ. ಮೊದಲು ಬಂದವರಿಗೆ ಮುಂದಿನ ಜಾಗವೆಂದು ಟಿಕೆಟ್ ಮಾರಲಾಗಿತ್ತು. ಸಾವಿರಾರು ಜನ ಕಾಯುತ್ತಿರುವಾಗ ತೆರೆದದ್ದು ಕೆಲವೇ ಬಾಗಿಲು. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯದ ಸಂಗೀತ ಕಾರ್ಯಕ್ರಮದಲ್ಲಿ 4 ಮಂದಿ ಸತ್ತದ್ದೂ ಪ್ರವೇಶದ ಮೆಟ್ಟಿಲುಗಳ ಬಳಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ 11 ಮಂದಿ ಸತ್ತಾಗ ಅಲ್ಲಿ ರಾಕ್ ಸಂಗೀತವಿರಲಿಲ್ಲ, ಕ್ರಿಕೆಟ್ ವಿಜಯೋತ್ಸವವಿತ್ತು. ಇಂಥ ಕಡೆ ಬಹುತೇಕರು ಕಾಲ್ತುಳಿತದಿಂದಲ್ಲ, ನಿಂತಲ್ಲೇ ಎದೆ ಹಿಗ್ಗಿಸಲಾಗದೆ ಉಸಿರುಕಟ್ಟಿ ಸಾಯುತ್ತಾರೆ. ಹಿಂದಿನವನಿಗೆ ಮುಂದೆ ಏನಾಗುತ್ತಿದೆಯೆಂದು ತಿಳಿಯುವುದೇ ಇಲ್ಲ. ಆದ್ದರಿಂದ 'ಜನರಿಗೆ ಶಿಸ್ತಿಲ್ಲ' ಎಂಬ ಮಾತು ಹೆಚ್ಚಾಗಿ ವ್ಯವಸ್ಥಾಪಕರ ತಪ್ಪನ್ನು ಮುಚ್ಚುವ ಚಾದರವಷ್ಟೆ.

2011ರ ಅಕ್ಟೋಬರ್ 28ರಂದು ಗುರಗಾಂವ್‌ನಲ್ಲಿ 'ಮೆಟಾಲಿಕಾ' ತಂಡದ ಕಛೇರಿ ತಡೆಬೇಲಿಯ ದೋಷದಿಂದ ನಿಂತಿತು. ಗಂಟೆಗಟ್ಟಲೆ ಕಾದವರು ರೊಚ್ಚಿಗೆದ್ದು ವೇದಿಕೆಗೆ ನುಗ್ಗಿದರು. ಎರಡೇ ದಿನಗಳ ನಂತರ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಹಾಡಿತು. ಸಂಗೀತ ಅದೇ, ಅಭಿಮಾನಿಗಳೂ ಅಂಥವರೇ. ಬದಲಾದದ್ದು ವ್ಯವಸ್ಥೆ. ರೋಸ್ಕಿಲ್ಡೆಯವರೂ ದುರಂತದ ನಂತರ ಉತ್ಸವವನ್ನು ಮುಚ್ಚಲಿಲ್ಲ. ವೇದಿಕೆಯ ಮುಂದಿನ ಜಾಗವನ್ನು ಬೇಲಿಗಳಿಂದ ವಿಂಗಡಿಸಿ ಒತ್ತಡ ಕಡಿಮೆ ಮಾಡಿದರು.

ಕಣ್ಣಿಗೆ ಕಾಣದ ಅಪಾಯ ಕಿವಿಯದು. ಕಛೇರಿಯ ಸ್ಥಳಗಳಲ್ಲಿ ಧ್ವನಿಯ ಸರಾಸರಿ 100 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಕಿವಿಗೆ ಹಾಕಿಕೊಳ್ಳುವ ಬಿರಡೆ, ನಡುವೆ ಹೋಗಿ ಕೂರಲು ಸದ್ದಿಲ್ಲದ ಜಾಗ ಇರಬೇಕೆಂದೂ ಸೂಚಿಸಿತು. ಡಿಜೆ ಪೆಟ್ಟಿಗೆಗಳನ್ನು ಮನೆಗಳ ನಡುವೆಯೇ ಮೆರೆಸುವ ನಮ್ಮ ಊರುಗಳಿಗೂ ಇದು ಸಲ್ಲುವ ಮಾತು.

ಏಕೆಂದರೆ ನಮ್ಮ ಬಯಲೇನೂ ನಿರಪಾಯವಲ್ಲ. ಊರ ನಾಟಕದ ಬಯಲಿಗೆ ಸುತ್ತ ಗೋಡೆಯಿಲ್ಲ, ಸೇರಿದವರಲ್ಲಿ ಪರಸ್ಪರ ಪರಿಚಯವಿರುತ್ತದೆ. ಅದು ದೊಡ್ಡ ರಕ್ಷಣೆ ನಿಜ. ಆದರೆ ಕಂಬದಿಂದ ನೇರವಾಗಿ ಎಳೆದ ವಿದ್ಯುತ್ ತಂತಿ, ಟ್ರಾಕ್ಟರ್ ಟ್ರೈಲರಿನಲ್ಲಿ ತುಂಬಿಕೊಂಡು ಬರುವ ಜನ, ಶೌಚಾಲಯವಿಲ್ಲದೆ ರಾತ್ರಿಯಿಡೀ ಒದ್ದಾಡುವ ಹೆಂಗಸರು ಇವೆಲ್ಲ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಅಪಾಯದ ಮಾತು ಬಂದಾಗಲೆಲ್ಲ ಮೊದಲು ಮನೆಯಲ್ಲಿ ಉಳಿಯುವವಳು ಮಗಳು. ಮಗ ಹೋಗಿ ಬರುತ್ತಾನೆ. 'ನಿನಗ್ಯಾಕಮ್ಮ ಆ ಜಂಗುಳಿ' ಎಂಬ ಮಾತು ಅವಳಿಗೆ. ಹಿಂದೂ ಮನೆಯಲ್ಲೂ ಇದೇ, ಮುಸ್ಲಿಂ ಮನೆಯಲ್ಲೂ ಇದೇ. ಬಯಲನ್ನು ಸುರಕ್ಷಿತಗೊಳಿಸುವ ಬದಲು ಹೆಣ್ಣುಮಕ್ಕಳನ್ನು ಬಯಲಿನಿಂದ ದೂರವಿಡುವುದು ನಮಗೆ ಅಗ್ಗದ ದಾರಿಯಾಗಿದೆ. ಹಾಗೆ ತಡೆದರೆ ಅವಳು ಸುಳ್ಳು ಹೇಳಿ ಹೋಗುತ್ತಾಳೆ. ಅಲ್ಲಿ ತೊಂದರೆಯಾದರೆ ಮನೆಗೆ ಫೋನ್ ಮಾಡಲೂ ಹೆದರುತ್ತಾಳೆ. ಇದಕ್ಕಿಂತ ದೊಡ್ಡ ಅಪಾಯ ಯಾವುದು?

ಕಾಪಾಡಿ ಮರಳಿಸಬೇಕೆಂದು ನಂಬಿ ಒಪ್ಪಿಸಿದ್ದನ್ನು ಉರ್ದುವಿನಲ್ಲಿ ಅಮಾನತ್ ಎನ್ನುತ್ತಾರೆ. ಟಿಕೆಟ್ ಕೊಂಡು ಬಂದವರ ಜೀವ ಸಂಘಟಕರ ಕೈಯಲ್ಲಿರುವ ಅಮಾನತ್. ಎಷ್ಟು ಜನರಿಗೆ ಜಾಗವಿದೆ, ಎಷ್ಟು ಟಿಕೆಟ್ ಮಾರಿದಿರಿ, ಎಷ್ಟು ಬಾಗಿಲು ತೆರೆದಿರುತ್ತದೆ, ಕಷ್ಟ ಕಂಡರೆ ಹಾಡು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಅವರನ್ನು ಕೇಳೋಣ. ಮಕ್ಕಳಿಗೆ ಹೇಳಬೇಕಾದದ್ದೂ ಇಷ್ಟೇ: ಹೊರಹೋಗುವ ದಾರಿಯನ್ನು ಮೊದಲೇ ನೋಡಿಕೊಳ್ಳಿ, ಒತ್ತಡ ಹೆಚ್ಚುವ ಮೊದಲೇ ಪಕ್ಕಕ್ಕೆ ಸರಿಯಿರಿ, ಬಿದ್ದವರನ್ನು ಎತ್ತಿ, ಹೊತ್ತು ಎಷ್ಟಾದರೂ ಮನೆಗೊಂದು ಫೋನ್ ಮಾಡಿ. ಆ ಫೋನ್ ಬಂದಾಗ ಬೈಯದೆ ಮಾತಾಡುವುದನ್ನು ನಾವು ಕಲಿಯಬೇಕು.