ಬೆಂದ ಮೇಲೆ ಪೊಟ್ಟಣಕ್ಕೆಷ್ಟು ಬಲ?

ನವಲಗುಂದದ ಎರೆಹೊಲದ ಹೆಸರುಕಾಳು, ಅಣ್ಣಿಗೇರಿಯ ಕಡಲೆ, ಕಲಘಟಗಿಯ ಮಾವು, ಕುಂದಗೋಳದ ಮೆಣಸಿನಕಾಯಿ: ಇವನ್ನು ಚೀಲಗಟ್ಟಲೆ ಪೇಟೆಗೆ ಸಾಗಿಸುವ ಬದಲು ಅಡುಗೆ ಮಾಡಿ ಮಾರಿದರೆ ಊರಿಗೆ ನಾಲ್ಕು ಕಾಸು ಹೆಚ್ಚು ಉಳಿಯುತ್ತದೆ. 2020ರಲ್ಲಿ ಶುರುವಾದ ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆ ಇದಕ್ಕೆಂದೇ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಘೋಷಿಸಿತು. ಯಂತ್ರ ಕೊಳ್ಳುವಾಗಿನ ಎಚ್ಚರ ಪೊಟ್ಟಣ ಆರಿಸುವಾಗಲೂ ಬೇಕು.

ಹೆಸರುಕಾಳಿನ ಪಲ್ಯದಲ್ಲಿ ಹುಳಿ ಕಡಿಮೆ. ಅದರಿಂದಾಗಿ ಗಾಳಿಯಿಲ್ಲದ ಪೊಟ್ಟಣದಲ್ಲಿ ಬಾಟುಲಿನಮ್ ಎಂಬ ಮಾರಕ ಸೂಕ್ಷ್ಮಜೀವಿ ಬೆಳೆಯಬಲ್ಲದು. ಅದರ ಬೀಜಾಣು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹಾಗಾಗಿ ತುಂಬಿ ಮುಚ್ಚಿದ ಪೊಟ್ಟಣವನ್ನೇ ರಿಟಾರ್ಟ್ ಯಂತ್ರದಲ್ಲಿ ಒತ್ತಡದ ಕೆಳಗೆ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರ ಊಟಕ್ಕೆಂದು ಪಳಗಿಸಿ, ಮುಂದೆ ಎಂಟಿಆರ್‌ನಂಥ ಕಂಪನಿಗೂ ಕೊಟ್ಟ ವಿದ್ಯೆಯಿದು. ಅಂಥ ಪೊಟ್ಟಣದ ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಆ ಕಾವಿಗೆ ಅಲ್ಯೂಮಿನಿಯಂ ತನ್ನ ತಡೆಗುಣ, ಅಂದರೆ ಆಮ್ಲಜನಕ, ತೇವ ತಡೆಯುವ ಗುಣ, ಬಿಡುವುದಿಲ್ಲ. ಅದಕ್ಕಿರುವ ಅಪಾಯ ಮಡಿಕೆಯದು. ಮುದುಡಿದ ಪೊಟ್ಟಣವನ್ನು ಕತ್ತರಿಸಿ ಬಿಸಿಲಿಗೆ ಹಿಡಿದರೆ ಮಡಿಕೆಯುದ್ದಕ್ಕೂ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಾಣಬಹುದು.

ಒಳಗಿನ ಅಡುಗೆ ಗಿರಾಕಿಗೆ ಕಾಣಲಿ ಎಂದು ಪಾರದರ್ಶಕ ಪೊಟ್ಟಣಕ್ಕೆ ಹೋದರೆ ಸಮಸ್ಯೆ ಬೇರೆ. ಅಲ್ಲಿ ಆಮ್ಲಜನಕ ತಡೆಯಲು ಬಹಳ ಕಡೆ ಬಳಸುವುದು ಇವಿಓಎಚ್ ಎಂಬ ಪದರ. ಒಣಗಿದ್ದಾಗ ಅದರಷ್ಟು ಬಿಗಿಯಾದ ಪ್ಲಾಸ್ಟಿಕ್ ಕಡಿಮೆ. ಆದರೆ ಅದಕ್ಕೆ ನೀರಿನ ಸೆಳೆತವಿದೆ. ರಿಟಾರ್ಟ್‌ನ ಬಿಸಿಯಲ್ಲಿ ಅಕ್ಕಪಕ್ಕದ ಪಾಲಿಪ್ರೊಪಿಲೀನ್ ತೇವವನ್ನು ಒಳಬಿಡುತ್ತದೆ. ಆ ತೇವ ಇವಿಓಎಚ್ ಅಣುಗಳ ಹಿಡಿತ ಸಡಿಲಿಸುತ್ತದೆ, ಪದರ ಮಂಜುಕವಿದಂತೆ ಬೆಳ್ಳಗಾಗುವುದೂ ಉಂಟು. ತಣಿದ ಮೇಲೆ ಅದೇ ಪಾಲಿಪ್ರೊಪಿಲೀನ್ ತೇವವನ್ನು ಹೊರಬಿಡದೆ ಕೂಡಿಹಾಕುತ್ತದೆ. ತಡೆಗುಣ ಮರಳಲು ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಪೂರ್ತಿ ಮರಳುತ್ತದೆಂಬ ಭರವಸೆಯೂ ಇಲ್ಲ. ಅಷ್ಟರಲ್ಲಿ ಒಳಹೊಕ್ಕ ಆಮ್ಲಜನಕ ಒಗ್ಗರಣೆಯ ಎಣ್ಣೆಯನ್ನು ಕಮಟು ಹಿಡಿಸಿ, ಮಸಾಲೆಯ ಕೆಂಪನ್ನು ಮಾಸಿಸಲು ತೊಡಗಿರುತ್ತದೆ.

ಇಷ್ಟಕ್ಕೆ ಪಾರದರ್ಶಕ ಪೊಟ್ಟಣವೇ ಕೆಟ್ಟದ್ದೆಂದು ತಳ್ಳಿಹಾಕಬೇಕಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿರುವ, ಅಂದರೆ ಹುಳಿ ಹೆಚ್ಚಿರುವ ಮಾವಿನ ತಿರುಳಿಗೆ 121 ಡಿಗ್ರಿ ಬೇಡ. 85–90 ಡಿಗ್ರಿಯಲ್ಲಿ ಬಿಸಿಬಿಸಿ ತುಂಬಿ ಮುಚ್ಚಿದರೆ ನಡೆಯುತ್ತದೆ, ಪದರಕ್ಕೆ ಪೆಟ್ಟೂ ಕಡಿಮೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗೆ ರಿಟಾರ್ಟ್ ಬೇಕೇ ಇಲ್ಲ. ಅವಕ್ಕೆ ತೇವ, ಬೆಳಕು, ಆಮ್ಲಜನಕ ತಾಗದಿದ್ದರೆ ಸಾಕು. ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರಬೇಕಾದ ಪಲ್ಯ, ಉಸುಳಿಗೆ ಮಾತ್ರ ಅಲ್ಯೂಮಿನಿಯಂ ಪದರದ ಪೊಟ್ಟಣವೇ ಇಂದಿಗೂ ಸರಿಯಾದ ಆಯ್ಕೆ. ಹಲವು ಪದರ ಅಂಟಿಸಿದ ಆ ಪೊಟ್ಟಣವನ್ನು ಮರುಬಳಕೆ ಮಾಡುವುದು ಕಷ್ಟ ಎಂಬ ಕೊರತೆ ನಿಜ. ಆದರೂ ಉಣ್ಣುವವರ ಅನ್ನ ಕೆಡಬಾರದು.

ಒಣ ಹಾಳೆಯ ಮೇಲೆ ಅಳೆದ ತಡೆಗುಣದ ಅಂಕಿ ರಿಟಾರ್ಟ್ ಅಡುಗೆಯ ಮಟ್ಟಿಗೆ ಅರ್ಧಸತ್ಯ. ಅಡುಗೆ ಮಾಡಿ ಮಾರುವ ಸಂಘದ ಅಕ್ಕಂದಿರೇ, ಪೊಟ್ಟಣ ಮಾರುವವರನ್ನು ಒಂದು ಮಾತು ಕೇಳಿ: ರಿಟಾರ್ಟ್‌ನಿಂದ ಹೊರಬಂದ ಮೇಲೆ ಇದರೊಳಗೆ ನುಸುಳುವ ಆಮ್ಲಜನಕದ ಅಂಕಿ ಎಷ್ಟು? ಬರಹದಲ್ಲಿ ಉತ್ತರ ಸಿಗದಿದ್ದರೆ ಆ ಪೊಟ್ಟಣ ಕೊಳ್ಳಬೇಡಿ.