ಗೋಡೆಯ ಗೆರೆ, ಕೈಯ ವಾಚು

ಹೊಸಪೇಟೆಯಲ್ಲಿರೋ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದಮೇಲೆ ನಾನು ಮಾಡಿದ ಮೊದಲ ಕೆಲಸ, ಸ್ಮಾರ್ಟ್‌ವಾಚ್ ತಂದು ಕಟ್ಟಿದ್ದು. ಬೆಂಗಳೂರಲ್ಲೇ ಕೂತು ಅವಳ ನಡಿಗೆ, ನಿದ್ದೆ, ಎದೆಬಡಿತ ನೋಡಬಹುದಲ್ಲ ಅನ್ನೋ ಸಮಾಧಾನ. ಮೂರು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ.

ಒಳ್ಳೇದು ಮೊದಲು. ಆಪರೇಷನ್ ಆದವರು ಮಲಗೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ಬೇಗ ಎದ್ದು ಓಡಾಡಿ ಅಂತಾರೆ ಡಾಕ್ಟರು. ನಿನ್ನೆ 800 ಹೆಜ್ಜೆ, ಇವತ್ತು 1,100 ಅಂತ ಕಂಡಾಗ ಅಮ್ಮನಿಗೂ ಹುರುಪು ಬಂತು.

ಆದರೆ ವಾಚಿನ ಗುರಿ 10,000. ಈ ಸಂಖ್ಯೆ ಜನಪ್ರಿಯವಾಗಿದ್ದು 1965ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಹೆಜ್ಜೆ ಎಣಿಸುವ ಯಂತ್ರದಿಂದ. ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಹಂಪಿಯ ಮಾತಂಗ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುತ್ತಿದ್ದ ಅಮ್ಮ ಸಂಜೆ ವಾಚು ನೋಡಿ, "ಇದು ನನ್ನ ಬೈಯಾಕತ್ತೈತೇನಪಾ?" ಅಂದಳು. ಗುರಿ ಇಳಿಸಿದೆ. ಅದು ಸಣ್ಣ ದೋಷ.

ದೊಡ್ಡದು ಬೇರೆ ಇತ್ತು. ಆಪರೇಷನ್ ಆಗಿದ್ದು ಬಲಗಡೆ; ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಆ ಕೈ ಊದಿಕೊಳ್ಳಬಹುದು, ಬಿಗಿ ಬಳೆ, ಪಟ್ಟಿ ಹಾಕಬೇಡಿ ಅಂದಿದ್ದರು. ಹಾಗಾಗಿ ವಾಚು ಎಡಗೈಗೆ ಹೋಯ್ತು. ಚೇತರಿಸಿಕೊಳ್ಳಬೇಕಾದ ಕೈಯೇ ವಾಚಿಗೆ ಕಾಣಲಿಲ್ಲ!

ಆ ಕೈಗೆ ಹೇಳಿಕೊಟ್ಟ ವ್ಯಾಯಾಮ, ಗೋಡೆ ಎದುರು ನಿಂತು ಬೆರಳುಗಳನ್ನು ಒಂದೊಂದೇ ಮೇಲಕ್ಕೆ ಹತ್ತಿಸೋದು. ಅಮ್ಮ ಅಡುಗೆಮನೆ ಗೋಡೆಯಲ್ಲಿ, ಹಾಲಿನ ಲೆಕ್ಕದ ಪಕ್ಕ, ಬೆರಳು ಮುಟ್ಟಿದಲ್ಲಿಗೆ ದಿನಾ ಪೆನ್ಸಿಲ್ ಗೆರೆ ಎಳೆಯುತ್ತಿದ್ದಳು. ಒಂದು ವಾರ ಗೆರೆ ಮೇಲೇರಲೇ ಇಲ್ಲ. ನನ್ನ ಮೊಬೈಲಿನಲ್ಲಿ ಮಾತ್ರ ಎಲ್ಲ ಹಸಿರು. ಹಸಿರು ಕಂಡು ನಾನು ಫೋನೂ ಮಾಡಿರಲಿಲ್ಲ. ಕೊನೆಗೆ ಕಂಪ್ಲಿಯಿಂದ ಬಂದ ಚಿಕ್ಕಮ್ಮ, "ಅಕ್ಕಾ, ರವಿಕೆ ತೋಳು ಈ ಕಡೆ ಯಾಕೆ ಬಿಗಿ ಆಗೈತಿ?" ಅಂತ ಕೇಳಿದಾಗಲೇ ಊತ ಗೊತ್ತಾಗಿದ್ದು.

ರಾತ್ರಿ ರೈಲಿಗೆ ಬೆಂಗಳೂರಿಗೆ ಕರೆತಂದೆ. ಡಾಕ್ಟರ ಮುಂದೆ ಗ್ರಾಫ್ ತೆರೆದಿಟ್ಟೆ. ಅವರು ಅದನ್ನೊಮ್ಮೆ ನೋಡಿ, "ಕೈ ಎತ್ತಿ, ಅಮ್ಮ" ಅಂದರು. ಎರಡೂ ತೋಳುಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದರು. ಊತ ಇನ್ನೂ ಶುರುವಿನಲ್ಲೇ ಇತ್ತು. ಒತ್ತುಪಟ್ಟಿ, ವ್ಯಾಯಾಮ ಹೇಳಿ ಕಳಿಸಿದರು.

ಹಂಗಾದ್ರೆ ವಾಚು ಬೇಡ್ವಾ? ಕಟ್ಟಿ, ನಡೆಸೋಕೆ ಒಳ್ಳೇದು. ಆದರೆ ಅದು ಅಳೆಯೋದು ತನಗೆ ಅಳೆಯೋಕೆ ಬರೋದನ್ನ ಮಾತ್ರ. ಕಾಯಿಲೆಯವರಿಗೆ ಬೇಕಿರೋದು ಅದೇ ಆಗಿರಬೇಕು ಅಂತೇನಿಲ್ಲ. ಸಂಡೂರಲ್ಲೋ ಹೊಸಪೇಟೆಯಲ್ಲೋ ಅಪ್ಪ-ಅಮ್ಮನನ್ನು ಬಿಟ್ಟು ಬಂದಿರೋ ನಮ್ಮಂಥವರಿಗೆ ಆ ಹಸಿರು ಬಣ್ಣ ಒಂದು ನೆಪ ಆಗಿಬಿಡುತ್ತೆ.

ಈಗ ಆ್ಯಪ್ ನೋಡೋದು ಆಮೇಲೆ. ಮೊದಲು ಫೋನ್ ಮಾಡಿ ಕೇಳ್ತೀನಿ: "ಅಮ್ಮ, ಗೆರೆ ಎಲ್ಲಿಗೆ ಬಂತು?"